ಜಮಖಾನದ ಮೇಲಿನ ಅಂಟು

ಒಣಗಿದ ಅಂಟನ್ನು ಕಂಡ ಕೂಡಲೇ ಚಾಕು ಹುಡುಕುವವರದೊಂದು ಪಂಗಡ, ಒದ್ದೆ ಬಟ್ಟೆ ಹುಡುಕುವವರದು ಇನ್ನೊಂದು. ನನ್ನ ಸೊಸೆ ಚಾಕುವಿನ ಪಂಗಡದವಳು. ನಿನ್ನೆ ಮೊಮ್ಮಗಳು ಗಾಳಿಪಟ ಮಾಡುತ್ತ ನಡುಮನೆಯ ಹೊಸ ಕಾರ್ಪೆಟ್ಟಿನ ಮೇಲೆ ಗೋಂದಿನ ಶೀಸೆ ಉರುಳಿಸಿದಳು. ಇವತ್ತು ಬೆಳಿಗ್ಗೆಯಿಂದ ಸೊಸೆ ಅಲ್ಲಿ ಮಂಡಿಯೂರಿ ಕೆರೆಯುತ್ತಿದ್ದಾಳೆ. "ಒಂದಿಷ್ಟು ನೆನೆಹಾಕಿದ್ದರೆ..." ಎಂದು ನಾನು ಶುರುಮಾಡಿದೆ. ಅವಳು ತಲೆಯೆತ್ತಿ ನೋಡಿದ ನೋಟಕ್ಕೆ ಉಳಿದರ್ಧ ಮಾತನ್ನು ಕಾಫಿಯ ಜೊತೆ ನುಂಗಿಕೊಂಡೆ. ಹಬ್ಬಕ್ಕೆ ಅವಳು ತವರಿಗೆ ಹೋಗುವ ವಿಷಯವಾಗಿ ನಮ್ಮಿಬ್ಬರ ನಡುವೆ ಈಚೆಗೆ ಮಾತು ಅಷ್ಟಕ್ಕಷ್ಟೇ. ಇಂಥ ಸಮಯದಲ್ಲಿ ಅತ್ತೆಯಾದವಳು ಬುದ್ಧಿ ಹೇಳಬಾರದೆಂದು ನನಗೂ ಗೊತ್ತು. ಆದರೆ ಏನು ಮಾಡಲಿ, ಅಂಟಿನ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿದೆ.

ನಾನು ಆತಗೂರಿನಿಂದ ಮದ್ದೂರಿಗೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬರುವ ಹಿಂದಿನ ವರ್ಷ. ಆ ಮನೆಯಲ್ಲಿದ್ದದ್ದು ಒಂದೇ ಜಮಖಾನ. ಕೆಂಪು ನೀಲಿ ಪಟ್ಟೆಯದು, ಮಡಿಸಿ ಹೊರಲು ಇಬ್ಬರು ಬೇಕು. ಅತ್ತೆಯ ಮದುವೆಯಲ್ಲಿ ಮಳವಳ್ಳಿಯ ಅವರಣ್ಣ ಉಡುಗೊರೆಯಾಗಿ ಕೊಟ್ಟದ್ದು. ಬೀದಿಯಲ್ಲಿ ಯಾರ ಮನೆಯ ಹಸೆ, ನಾಮಕರಣ, ನ್ಯಾಯಪಂಚಾಯ್ತಿಗಾದರೂ ಇದೇ ಹೋಗಬೇಕು. ಅತ್ತೆಯ ಬಾಯಲ್ಲಿ ಅದಕ್ಕೆ ಜಮಖಾನವೆಂಬ ಹೆಸರೇ ಇರಲಿಲ್ಲ. "ನಮ್ಮಣ್ಣನ್ನ ಒಸಿ ಬಿಸ್ಲಿಗಾಕವ್ವ" ಎನ್ನುತ್ತಿದ್ದರು. ಹೊಸದರಲ್ಲಿ ಇದನ್ನು ಕೇಳಿ ನಾನು ಕಕ್ಕಾಬಿಕ್ಕಿಯಾಗಿದ್ದೆ. ಗಂಡಸರು, ನೆಂಟರು ಅದರ ಮೇಲೆ ಕೂರುವರು. ಮನೆಯ ಹೆಂಗಸರು ಅದನ್ನು ಗುಡಿಸುವರು, ಕೊಡವುವರು, ಹಾಸುವರು, ಆಮೇಲೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವರು. ಬೀದಿಯ ಎಲ್ಲ ಮನೆಗಳಲ್ಲೂ ಇದೇ ರೂಢಿ, ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಜಮಖಾನವನ್ನು ಅಣ್ಣನೆಂದು ಕರೆಯಲು ಇನ್ನೊಂದು ಕಾರಣವೂ ಇತ್ತು. ನಿಜವಾದ ಅಣ್ಣ ಮನೆಗೆ ಬರುವುದನ್ನೇ ಬಿಟ್ಟಿದ್ದರು. ಅದಕ್ಕೆ ಕಾರಣ ನಾನು. ನಮ್ಮ ಕಡೆ ಸೋದರಮಾವನ ಮಗಳೆಂದರೆ ಹುಟ್ಟಿದಾಗಲೇ ಗೊತ್ತಾದ ಹೆಣ್ಣು. ಅವಳನ್ನು ಬಿಟ್ಟು ಅತ್ತೆ ತಮ್ಮ ಮಗನಿಗೆ ನನ್ನನ್ನು ತಂದರು. ಆ ಅಣ್ಣ, ಅಂದರೆ ನಮ್ಮ ಮಳವಳ್ಳಿಯ ಮಾವ, ಜಗಲಿಯ ಮೇಲೆ ನಿಂತೇ ಎರಡು ಮಾತಾಡಿ ಹೊರಟುಹೋದವರು ನಮ್ಮ ಮದುವೆಗೂ ಬರಲಿಲ್ಲ. ಅತ್ತೆ ನನಗೆ ಒಂದು ಮಾತೂ ಅಂದವರಲ್ಲ. ಆದರೆ ಜಮಖಾನ ಕೊಡವುವಾಗ ಅವರ ಕಣ್ಣು ತುಂಬಿಕೊಳ್ಳುತ್ತಿತ್ತು, ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಮಾವನ ಮಗಳಿಗೆ ಬೇರೆ ಕಡೆ ಗಂಡು ಗೊತ್ತಾಗಿ, ತಂಗಿಯನ್ನು ಕರೆಯಲು ಅವರು ತಾವೇ ಬರುತ್ತಾರೆಂದು ಸುದ್ದಿ ಬಂತು. ಸೋದರತ್ತೆಯಿಲ್ಲದೆ ಮದುವೆ ನಡೆಯುವುದುಂಟೆ! ಅತ್ತೆ ಹಿಂದಿನ ದಿನವೇ ಜಮಖಾನ ಹಾಸಿಸಿದರು. ಆಗ ಸ್ವಾತಂತ್ರ್ಯ ಬರುವ ವಾರ. ನಮ್ಮ ಯಜಮಾನರು ಸ್ಕೂಲು ಮೇಷ್ಟರು. ಊರಿಗೆಲ್ಲ ಬಾವುಟದ ತೋರಣ ಕಟ್ಟುವ ಹೊಣೆ ಹೊತ್ತು, ಸಂಜೆ ಬಣ್ಣದ ಕಾಗದ, ದಾರ, ಅಂಟಿನ ಚಟ್ಟಿ ಹಿಡಿದು ಬಂದು ಆ ಜಮಖಾನದ ಮೇಲೆಯೇ ಕೂತರು.

ಅಂಟುಗಳಲ್ಲೂ ಸ್ವಭಾವಭೇದವಿದೆ. ಮೈದಾದ ಸರಿ ಸಾಧು, ನೀರು ಕಂಡರೆ ಕರಗುತ್ತದೆ. ಜಾಲಿಯ ಗೋಂದು ಒಣಗಿದ ಮೇಲೆ ಗಾಜಿನಂತಾದರೂ ಸುಮ್ಮನೆ ಸಿಡಿದು ಬೀಳುತ್ತದೆ. ಹುಣಸೆಬೀಜದ ಸರಿ ಮಾತ್ರ ಮಹಾ ಹಟಮಾರಿ. ಕಂಬಳಿ ನೇಯುವವರು ಕಂಬಳಿ ಬಿರುಸಾಗಲೆಂದು ಬಳಿಯುವುದು ಇದನ್ನೇ. ಆಗ ಮೈದಾ ಸಿಗುವುದು ಕಷ್ಟವಾಗಿತ್ತಾದ್ದರಿಂದ ಯಜಮಾನರು ಹುಣಸೆಬೀಜ ಹುರಿದು, ಬೀಸಿ, ಕುದಿಸಿ, ದೇಶಕ್ಕಾಗಿ ಗಟ್ಟಿ ಅಂಟನ್ನೇ ತಯಾರಿಸಿದ್ದರು. ಅದರ ಚಟ್ಟಿ ಮಗುಚಿಕೊಂಡಿತು. ಅವರು ಯಾರಿಗೂ ಹೇಳದೆ ಅದರ ಮೇಲೆ ಒಂದು ಹಳೆಯ ಪತ್ರಿಕೆ ಮುಚ್ಚಿ ಹೋಗಿ ಮಲಗಿಬಿಟ್ಟರು. ಗಂಡಸರ ಬುದ್ಧಿ!

ಬೆಳಿಗ್ಗೆ ನೋಡಿದರೆ ಪತ್ರಿಕೆ ಜಮಖಾನಕ್ಕೆ ಕಚ್ಚಿಕೊಂಡು ಕೂತಿದೆ. ಎಳೆದರೆ ಸುದ್ದಿ ಅರ್ಧ ಕೈಗೆ, ಅರ್ಧ ಜಮಖಾನಕ್ಕೆ. "ಏನ್ಲಾ ಮಾಡ್ದೆ? ನಮ್ಮಣ್ಣ ಬರೋ ದಿನ್ವೇ ನಮ್ಮಣ್ಣನ್ ಮ್ಯಾಲೆ ಅಂಟು ಸುರ್ದಲ್ಲೋ!" ಎಂದು ಅತ್ತೆ ತಲೆಗೆ ಕೈಹೊತ್ತರು. ಕೊಟ್ಟ ಉಡುಗೊರೆಯನ್ನು ಹೀಗಿಟ್ಟುಕೊಂಡಿದ್ದಾಳೆಂದು ಅಣ್ಣ ನೊಂದು ಮತ್ತೆ ಜಗಲಿಯಿಂದಲೇ ತಿರುಗಿದರೆ? ಯಜಮಾನರು ಚಾಕು ತಂದು ಕೆರೆದರು, ನೂಲೆದ್ದಿತು. ಬಿಸಿನೀರು ಸುರಿದರು, ಕೆಂಪು ಬಣ್ಣ ನೀಲಿಗೆ ಹರಿಯಿತು. ಅತ್ತೆ ಚಾಕು ಕಿತ್ತುಕೊಂಡರು. "ಕೆರೀಬ್ಯಾಡ ಬುಡ್ಲಾ. ನೆನೀಲಿ. ನೆಂದ್ರೆ ಅದೇ ಬತ್ತದೆ." ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಟಿನ ಮೇಲೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಬಿಟ್ಟೀತೆಂದು ನಮ್ಮ ಲೆಕ್ಕ. ಆದರೆ ಮಧ್ಯಾಹ್ನಕ್ಕೆ ಬರಬೇಕಾದ ಮಾವನ ಜಟಕಾ ಆಗಲೇ ಬಂದು ಬಾಗಿಲಲ್ಲಿ ನಿಂತಿತು.

ಅತ್ತೆ ಒಮ್ಮೆ ಬಾಗಿಲು ನೋಡಿದರು, ಒಮ್ಮೆ ಜಮಖಾನ ನೋಡಿದರು, ಹೋಗಿ ಒದ್ದೆ ಬಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು! ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಮಾವ ಒಳಗೆ ಬಂದವರು ತಂಗಿ ಏಳದೆ ಕೂತದ್ದನ್ನು ನೋಡಿ ದಂಗಾದರು. "ಬಾಣ್ಣ, ಕೂತ್ಕೊ" ಎಂದು ಅತ್ತೆ ಪಕ್ಕದ ಜಾಗ ತಟ್ಟಿದರು. ಅವರು ಕೂತರು.

ರೂಢಿಯಂತೆ ಅತ್ತೆ ಒಳಗಿದ್ದಿದ್ದರೆ ನೀರು ಕಾಫಿಯೆಲ್ಲ ನನ್ನ ಕೈಲಿ ಹೋಗುತ್ತಿತ್ತು, ಮಾವ ಅಳಿಯನ ಹತ್ತಿರ ಮಳೆ ಬೆಳೆಯ ಮಾತಾಡಿ, ಅರಿಸಿನ ಕುಂಕುಮ ಇಟ್ಟು ಎದ್ದುಬಿಡುತ್ತಿದ್ದರು. ಈಗ ಅತ್ತೆ ಏಳುವಂತಿಲ್ಲ, ಮಾವ ಬಿಟ್ಟೇಳುವಂತಿಲ್ಲ. ಮೊದಲು ಮಳೆ ಬೆಳೆಯ ಮಾತಾಯಿತು. ಆಮೇಲೆ ಸತ್ತ ತಾಯಿಯ ಮಾತು ಬಂತು. ಕೊನೆಗೆ ಅತ್ತೆಯೇ ಬಾಯಿಬಿಟ್ಟರು.

"ನಿನ್ ಮಗಳ್ನ ಬ್ಯಾಡ ಅಂತಲ್ಲ ಕಣಣ್ಣ. ಅವೆರಡೂ ಒಂದೇ ತಟ್ಟೇಲಿ ಉಂಡು ಬೆಳೆದೋವು. ಅಣ್ಣ ತಂಗಿ ಇದ್ದಂಗಿದೀವಿ ಕಣವ್ವ, ನಮ್ಮನ್ನ ಗಂಡ ಎಂಡ್ತಿ ಮಾಡ್ಬ್ಯಾಡ ಅಂತ ನನ್ ಮಗನೇ ಅತ್ತ."

"ಅದ್ನ ಅವತ್ತೇ ಏಳ್ಬಾರ್ದಾಗಿತ್ತಾ?"

"ಕೇಳಕ್ಕೆ ನೀನೆಲ್ಲಿ ಕೂತೆ? ಜಗಲಿಯಿಂದ್ಲೇ ಒಂಟೋದೆ."

ಮಾವ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅತ್ತೆ ಬಿಕ್ಕಿಬಿಕ್ಕಿ ಅತ್ತರು. ಬಾಗಿಲ ಹಿಂದೆ ನಾನೂ ಅತ್ತುಬಿಟ್ಟೆ.

ಊಟದ ಹೊತ್ತಾದರೂ ಅತ್ತೆ ಏಳಲಿಲ್ಲ. ಮಾವನೇ ಮೊದಲು ಎದ್ದು ಕೈನೀಡಿದರು. "ಏಳವ್ವ ಸಾಕು, ಸೀರೆಯೆಲ್ಲ ನೆಂದಿರ್ತದೆ. ನೀನು ಒದ್ದೆ ಬಟ್ಟೆ ಮ್ಯಾಲೆ ಕೂತಿರೋದ್ನ ಒಸ್ಲು ದಾಟ್ದಾಗ್ಲೇ ಕಂಡೆ." ಅತ್ತೆ ನಾಚಿಕೊಂಡು ಎದ್ದರು. ಮಾವ ಬಗ್ಗಿ ಬಟ್ಟೆ ತೆಗೆದು, ಉಗುರಿನಿಂದ ಒಂದು ಅಂಚು ಎತ್ತಿದರು. ಅಷ್ಟು ಹೊತ್ತು ನೆಂದಿದ್ದ ಅಂಟು, ಸುದ್ದಿಸಮೇತ, ಹಾಲಿನ ಕೆನೆಯ ಹಾಗೆ ಎದ್ದುಬಂತು. ಆಮೇಲೆ ಅವರು ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. "ಏನವ್ವ ಆತಗೂರಿನ ಮಗ್ಳೇ, ಅಲ್ಲೇ ನಿಂತ್ಕೊಂಡ್ರೆ ಎಂಗೆ? ಮದ್ವೆಗೆ ನೀನೂ ಬರ್ಬೇಕು." ಆ ಮನೆಯ ಸೊಸೆ ನಾನಾದದ್ದು ಅವತ್ತು.

ಬಣ್ಣ ಹರಿದ ಕಲೆ ಜಮಖಾನದಲ್ಲಿ ಕೊನೆಯವರೆಗೂ ಉಳಿದಿತ್ತು. ಅತ್ತೆ ಯಾವ ನೆಂಟರು ಬಂದರೂ ಆಮೇಲೆ ಅದರ ಮೇಲೆಯೇ ಕೂರುತ್ತಿದ್ದರು, ಮುಚ್ಚುವುದಕ್ಕೇನೂ ಅಲ್ಲ.

ಇಷ್ಟು ಬರೆದು ತಲೆಯೆತ್ತಿದರೆ ಸೊಸೆ ಇನ್ನೂ ಕೆರೆಯುತ್ತಿದ್ದಾಳೆ. ನಾನೆದ್ದು ಹೋಗಿ ಒಂದು ಬಟ್ಟೆ ನೆನೆಸಿ ತಂದೆ. ಚಾಕುವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಗೋಂದಿನ ಮೇಲೆ ಬಟ್ಟೆ ಹಾಸಿ, ಮಂಡಿನೋವನ್ನು ಬೈಯುತ್ತ ಅದರ ಮೇಲೆಯೇ ಕೂತೆ. ಅವಳು ಗಾಬರಿಯಿಂದ ನೋಡಿದಳು.

"ನೆನೆಯೋದಕ್ಕೆ ಹೊತ್ತು ಹಿಡಿಯುತ್ತೆ ಕಣಮ್ಮ, ಬಾ, ಕೂತ್ಕೊ" ಎಂದೆ. "ಹಬ್ಬಕ್ಕೆ ನಿಮ್ಮಮ್ಮ ಏನೇನು ಮಾಡ್ತಾರೆ, ಹೇಳು."