ಚಿಪ್ ಮೇಲಿನ ಚೀಟಿ

ಶಿವಾನಂದರಾಯರು ಈ ಜಗತ್ತಿನಲ್ಲಿ ಏನನ್ನಾದರೂ ನಂಬಿದ್ದರೆ ಅದು ತಮ್ಮ ಎರಡು ಕಿವಿಗಳನ್ನು ಮಾತ್ರ. ಸೋಲಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಲಕೋಟೆಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದವರು. ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ವಾಪಸ್ಸು ಬಂದು ಜಗ್ಗಿ ನೋಡುವರು. ಅಂಗಡಿಯವನು ಕೈಗೆ ಕೊಟ್ಟ ತೆಂಗಿನಕಾಯಿ ಬಿಟ್ಟು, ಅವನ ಬೆನ್ನ ಹಿಂದಿರುವುದನ್ನೇ ಕೇಳುವರು. ಚಹಾಕ್ಕೆ ಸಕ್ಕರೆ ಹಾಕಿದ್ದೇನೆಂದು ಹೆಂಡತಿ ಕುಮುದಿನಿ ಹೇಳಿದರೂ ಚಮಚ ಆಡಿಸಿ ತಳ ನೋಡುವರು. ಆ ಹೆಂಗಸಿನ ತಾಳ್ಮೆಗೆ ಕೈಮುಗಿಯಬೇಕು.

ಕಿವಿ ಮಾತ್ರ ಅಪ್ಪಟ. ಹಿಂದಿನ ಓಣಿಯ ಪವರ್‌ಲೂಮುಗಳ ಗದ್ದಲ ಕೇಳುತ್ತ, "ಇವತ್ತ ಮೂರನೇ ಮಗ್ಗ ಕೈಕೊಡ್ತದ" ಎಂದರೆ ಸಂಜೆಯೊಳಗೆ ಅದು ನಿಂತಿರುತ್ತಿತ್ತು. ಇಂಥ ಕಿವಿಗೆ ತಮ್ಮ ಸಿಡಿ ಪ್ಲೇಯರಿನ ದನಿ ಏನೋ ಬತ್ತಿದಂತೆ ಕೇಳಿಸತೊಡಗಿದಾಗ, ಅವರಿಗೆ ಯಾರೋ ಅಕ್ಕಲಕೋಟದ ಪೀರಪ್ಪನ ಹೆಸರು ಹೇಳಿದರು. ನಾಗಣಸೂರಿನಿಂದ ಬಂದ ಪೀರಪ್ಪ ಅಲ್ಲಿಯ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ.

"ಸಿಡಿ ಒಳಗ ಹಾಡ ಇರೂದಿಲ್ರಿ ಸಾಹೇಬ್ರ, ಬರೇ ಅಂಕಿ ಇರ್ತಾವ," ಎಂದ ಪೀರಪ್ಪ. "ಆ ಅಂಕಿನ್ನ ತಿರುಗಿ ದನಿ ಮಾಡೂ ಕೆಲಸ ನಿಮ್ಮ ಪ್ಲೇಯರ್ ಹ್ಯಾಂಗೋ ಗಡಿಬಿಡಿಲೆ ಮಾಡಾಕತ್ತೈತಿ. ಅದಕ್ಕಂತನs ಬ್ಯಾರೆ ಡಬ್ಬಿ ಮಾಡಿ ಕೊಡ್ತೀನಿ. ಡ್ಯಾಕ್ ಅಂತಾರ ಅದಕ್ಕ."

ತಲೆಗೆ ಟೋಪಿ ಹಾಕುವ ಆಸಾಮಿ ಎಂದುಕೊಂಡೇ ರಾಯರು ಒಪ್ಪಿದರು. ಮುಂಬಯಿಯಿಂದ ಚಿಪ್ ತರಿಸಿ, ಮೂರು ತಿಂಗಳು ಕೂತು ಪೀರಪ್ಪ ಡಬ್ಬಿ ಮಾಡಿದ. ಪ್ಲೇಯರಿನಿಂದ ಡಬ್ಬಿಗೆ ಒಂದು ದಪ್ಪ ವೈರು, ಡಬ್ಬಿಯಿಂದ ಆಂಪ್ಲಿಫಾಯರಿಗೆ ಕೆಂಪು–ಬಿಳಿ ಜೋಡಿ ವೈರು. ಆರು ವರ್ಷದಿಂದ ಕೇಳುತ್ತಿದ್ದ ಖ್ಯಾಲ್ ಗಾಯನದ ಸಿಡಿ ಹಾಕಿದರು. ಗಾಯಕಿ ಮೇಲಿನ ಷಡ್ಜಕ್ಕೆ ಹೋಗುವ ಮುಂಚೆ ಎಳೆದುಕೊಂಡ ಉಸಿರು ಕೇಳಿಸಿತು. ಆರು ವರ್ಷದಲ್ಲಿ ಒಮ್ಮೆಯೂ ಕೇಳಿಸಿರದ ಉಸಿರು! ರಾಯರ ಕಣ್ಣು ತುಂಬಿ ಬಂದವು.

ಅಂದಿನಿಂದ ಪೀರಪ್ಪ ಭಾನುವಾರಕ್ಕೊಮ್ಮೆ ಸೋಲಾಪುರಕ್ಕೆ ಬರತೊಡಗಿದ. ಶೇಂಗಾ ಚಟ್ನಿ ಹಚ್ಚಿ ರೊಟ್ಟಿ ತಿಂದು, ಇಬ್ಬರೂ ಮಾತಿಲ್ಲದೆ ಹಾಡು ಕೇಳುವರು. ಐವತ್ತು ದಾಟಿದ ರಾಯರಿಗೆ ಅವನೇ ಮೊದಲ ಗೆಳೆಯ. ಇದನ್ನು ಅವರು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಪೀರಪ್ಪನಿಗಂತೂ ಇಲ್ಲವೇ ಇಲ್ಲ.

ತೊಂಬತ್ತೇಳರ ದಸರೆಯ ಹೊತ್ತಿಗೆ ಡಬ್ಬಿ ಸಣ್ಣಗೆ ಗುಂಯ್‌ಗುಡತೊಡಗಿತು. ಟ್ರಾನ್ಸ್‌ಫಾರ್ಮರ್ ಬದಲಿಸಬೇಕು, ಅಕ್ಕಲಕೋಟಕ್ಕೆ ಒಯ್ಯುತ್ತೇನೆ ಎಂದ ಪೀರಪ್ಪ. ರಾಯರೊಳಗಿನ ಹಳೇ ಸಂಶಯದ ಹುಳ ಮೆಲ್ಲಗೆ ಅಲುಗಿತು. ಡಬ್ಬಿ ಕೊಡುವ ಮೊದಲು ಅವರು ಒಬ್ಬರೇ ಕೂತು ಮುಚ್ಚಳ ಬಿಚ್ಚಿ, ಸಹಿ ಮಾಡಿದ ಉಗುರಗಲದ ಚೀಟಿಯನ್ನು ಚಿಪ್ ಮೇಲೆ ಅಂಟಿಸಿ, ಮುಚ್ಚಿಟ್ಟರು. ಗೆಳೆತನ ಗೆಳೆತನದ ಜಾಗದಲ್ಲಿ, ಮುಂಬಯಿ ಚಿಪ್ ಅದರ ಜಾಗದಲ್ಲಿ.

ಕಚೇರಿ ಕೆಲಸಕ್ಕೆ ಪುಣೆಗೆ ಹೋಗಿದ್ದವರು ದಸರೆ ಮುಗಿದ ಮೇಲೆ ಬಂದರು. ಅಷ್ಟರಲ್ಲಿ ಪೀರಪ್ಪ ಬಂದು ಡಬ್ಬಿ ಜೋಡಿಸಿ ಹೋಗಿದ್ದ. ಕೆಂಪು ದೀಪ ಉರಿಯುತ್ತಿತ್ತು. ರಾಯರು ಅದೇ ಸಿಡಿ ಹಾಕಿದರು.

ಉಸಿರು ಇರಲಿಲ್ಲ.

ಮೂರು ಸಲ ಹಾಕಿದರು. ಇಲ್ಲ. ದನಿ ಹಿಂದಿನ ಹಾಗೇ ಬತ್ತಿತ್ತು. ರಾಯರ ಮೈ ಉರಿಯಿತು. ಪೀರಪ್ಪ ಚಿಪ್ ಲಪಟಾಯಿಸಿದ್ದಾನೆ! ರೊಟ್ಟಿ ತಿಂದದ್ದು, ಕಣ್ಣು ಮುಚ್ಚಿ ತಲೆ ತೂಗಿದ್ದು, ಎಲ್ಲ ಇದಕ್ಕೇ!

"ಆ ಡಬ್ಬಿ ತೆಗದ ಕೊಡು," ಎಂದರು.

ಕುಮುದಿನಿ ತೆಗೆದು ಕೊಟ್ಟಳು. "ಏನಾತ್ರಿ?" ಎಂದು ಕೇಳುವಷ್ಟರಲ್ಲಿ ರಾಯರು ಬಿಳಿ ಬಟ್ಟೆ ಹುಡುಕುತ್ತಿದ್ದರು. ತಾವೇ ಬಿಚ್ಚಿ ನೋಡಬಹುದಿತ್ತು. ಆದರೆ ಸಾಕ್ಷಿ ಇಲ್ಲದೆ ಬಿಚ್ಚಿದ ಮಾಲಿಗೆ ಬೆಲೆ ಇಲ್ಲ ಎಂಬುದು ಕಚೇರಿ ಕಲಿಸಿದ ಪಾಠ. ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿ, ಅಕ್ಕಲಕೋಟದ ಬಸ್ಸು ಹತ್ತಿದರು.

ಅಂಗಡಿಯಲ್ಲಿ ರೇಡಿಯೋ ಒಯ್ಯಲು ಬಂದ ಗಿರಿಜಾಬಾಯಿ ಇದ್ದಳು, ಪಕ್ಕದ ಚಹಾದಂಗಡಿಯ ತುಕಾರಾಮ ಇದ್ದ.

"ನೀವಿಬ್ರು ಪಂಚರು," ಎಂದರು ರಾಯರು. "ಇವ ನನ್ನ ಚಿಪ್ ಬದ್ಲಿ ಮಾಡ್ಯಾನ. ನಿಮ್ಮ ಎದುರಿಗೇ ಪಂಚನಾಮಾ ಆಗ್ಲಿ."

ಪೀರಪ್ಪ ರಾಯರ ಮುಖ ನೋಡಿದ. ಸ್ಕ್ರೂಡ್ರೈವರ್ ಅವರ ಕೈಗೇ ಕೊಟ್ಟ. ರಾಯರು ಮುದ್ರೆ ಒಡೆದರು, ಮುಚ್ಚಳ ಎತ್ತಿದರು. ಚಿಪ್ ಮೇಲೆ ಅವರದೇ ಚೀಟಿ, ಅವರದೇ ಸಹಿ, ಅಂಚು ಕೂಡ ಎದ್ದಿರಲಿಲ್ಲ.

"ಸಹಿ ಯಾರದ್ರಿ?" ಎಂದಳು ಗಿರಿಜಾಬಾಯಿ.

"ನಂದs," ಎಂದರು ರಾಯರು.

ಪೀರಪ್ಪ ಡಬ್ಬಿಯನ್ನು ಅಂಗಡಿಯ ಪ್ಲೇಯರಿಗೆ ಜೋಡಿಸಲು ತಿರುಗಿಸಿ ಹಿಡಿದವನು ಹಾಗೇ ನಿಂತ. ಬಿಳಿ ವೈರು ಕೂರುವ ತೂತಿನೊಳಗೆ ಕುಂಕುಮದ ಪುಡಿ ಇತ್ತು. "ವೈರ್ ಇದ್ರ ಇದರಾಗ ಕುಂಕುಮ ಹ್ಯಾಂಗ ಹೋಗ್ತೈತ್ರಿ ಸಾಹೇಬ್ರ? ಖಂಡೇನವಮಿಗೆ ಮನ್ಯಾಗ ನಿಮ್ಮ ಬಾಯಿಯವ್ರು ವೈರ್ ಬಿಚ್ಚಿ ಡಬ್ಬಿಗೆ ಆಯುಧ ಪೂಜಾ ಮಾಡ್ಯಾರ. ತಿರುಗಿ ಹಾಕುಮುಂದ ಕೆಂಪು–ಬಿಳಿ ವೈರ್ ಡಬ್ಬಿ ಬಿಟ್ಟು ಮೊದಲಿನಂಗ ಪ್ಲೇಯರಿಗೇ ಹಾಕಿರಬೇಕು. ಡಬ್ಬಿ ಬರೇ ದೀಪ ಹಚಗೊಂಡು ಕುಂತೈತಿ."

ತೂತು ಊದಿ, ಜೋಡಿಸಿ, ಹಾಡು ಹಚ್ಚಿದ. ಅಂಗಡಿಯ ಸಣ್ಣ ಸ್ಪೀಕರಿನಲ್ಲೂ ದನಿ ತುಂಬಿ ಬಂತು. ರಾಯರು ಬಟ್ಟೆ ಮಡಚಿ, ಡಬ್ಬಿ ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಬಸ್ಸಿಗೆ ಹೋದರು.

"ಹೌದ್ರಿ, ಕೆಂಪಿಗೆ ಕೆಂಪ, ಬಿಳಿಗೆ ಬಿಳಿ ನೋಡೇ ಹಾಕೀನಿ," ಎಂದಳು ಕುಮುದಿನಿ, ರಾಯರು ಮನೆಗೆ ಬಂದು ಕೇಳಿದಾಗ. "ಆ ದಪ್ಪಂದು ಎಲ್ಲಿ ಹಾಕ್ಬೇಕು ತಿಳೀಲಿಲ್ಲ, ಸುತ್ತಿ ಹಿಂದ ಇಟ್ಟೆ. ನೀವು ಮೊದಲs ಕೇಳಿದ್ರ ಹೇಳ್ತಿದ್ದೆ."

ಆ ಭಾನುವಾರ ಪೀರಪ್ಪ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಉಸಿರು ಮತ್ತೆ ಕೇಳಿಸುತ್ತಿತ್ತು, ಆದರೆ ಒಬ್ಬರೇ ಕೂತು ಕೇಳಲು ರಾಯರಿಗೆ ಮನಸ್ಸಾಗಲಿಲ್ಲ. ನಾಚಿಕೆ ನುಂಗಿ ಡಬ್ಬಿಯೊಂದಿಗೆ ಮತ್ತೆ ಅಕ್ಕಲಕೋಟಕ್ಕೆ ಹೋದರು. ತುಕಾರಾಮನನ್ನು ಕರೆದು ನಿಲ್ಲಿಸಿಕೊಂಡು ಅವನೆದುರಿಗೇ, "ತಪ್ಪು ನಂದು, ಪೀರಪ್ಪಾ. ಆ ಚೀಟಿ ಕಿತ್ತ ಒಗಿ," ಎಂದರು.

ಪೀರಪ್ಪ ಮುಚ್ಚಳ ತೆಗೆದು, ಉಗುರಿನಿಂದ ಅಂಚು ಮುಟ್ಟಿ ನೋಡಿ, ಕೈ ಹಿಂದೆ ತೆಗೆದ.

"ಟ್ರಾನ್ಸ್‌ಫಾರ್ಮರ್ ಹಾಕಿದ ದಿನಾನs ಇದನ್ನ ನೋಡಿದ್ನಿರಿ. ಹರೀಬಾರ್ದಂತ ಜ್ವಾಕಿಲೆ ಕೆಲಸ ಮಾಡಿದ್ನಿ."

"ಮತ್ತ ಅವತ್ತೇ ಯಾಕ ಕೇಳಲಿಲ್ಲೋ?" ಎಂದರು ರಾಯರು.

"ಕೇಳಿದ್ರ ಭಾನುವಾರ ಬರೂದು ತಪ್ತಿತ್ತಲ್ರಿ," ಎಂದ ಪೀರಪ್ಪ, ಮುಚ್ಚಳ ಮುಚ್ಚುತ್ತ. "ಇನ್ನ ಈ ಚೀಟಿ ಬರೂದಿಲ್ಲ. ಗಟ್ಟಿ ಅಂಟಿಸೀರಿ. ಜಗ್ಗಿದ್ರ ಚಿಪ್ಪಿನ ಕಾಲ ಮುರೀತಾವ."