ಎದ್ದಿಲ್ಲ, ಕುಂತೇನಿ

ಗುರುಶಾಂತಣ್ಣನನ್ನು ನಾನು ಮೊದಲು ನೋಡಿದಾಗ ಅವರ ತಲೆ ಕೆಳಗಿತ್ತು, ಕಾಲು ಮೇಲಿತ್ತು. ಮಂಚದ ಕಾಲ್ದೆಸೆಯನ್ನು ಒಂದು ಗೇಣು ಎತ್ತರಿಸಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಕಿವಿಯ ಕಡೆ ಹರಿದಿತ್ತು. ಕೊರಳಲ್ಲಿದ್ದ ಲಿಂಗದ ಕರಡಿಗೆ ಜಾರಿ ಗದ್ದಕ್ಕೆ ತಾಗಿತ್ತು. ನನ್ನ ಮಾತು ಕೇಳಿದವರೇ ಕಣ್ಣು ಹೊರಳಿಸಿದರು.

"ಯಾವೂರಾಕಿ ನೀ, ತಂಗಿ?"

"ನಿಂಬರ್ಗಾ ರೀ, ಆಳಂದದ ಬಾಜೂಕ."

"ನಾ ಆಳಂದ ಮಂಡಿ ಹಮಾಲ. ಕ್ವಿಂಟಲ್ ಚೀಲ ಹೊತ್ತಾಂವ. ಈಗ ಮಲಗೋದೇ ಕೆಲಸ ನೋಡು. ನಮ್ಮ ಗುರಮ್ಮ ಓಣಿಗೆಲ್ಲ ಹೇಳ್ಯಾಳಂತ, ಮನಿಯವರು ಚಂದ್ರಲೋಕಕ್ಕ ಹೋಗ್ಯಾರ ಅಂತ."

ಅದು ದೂರದ ನಗರದ ಸಂಶೋಧನಾ ಕೇಂದ್ರ. ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿ ಇರುವವರ ಎಲುಬು ಹೇಗೆ ಸವೆಯುತ್ತದೆಂದು ತಿಳಿಯಲು, ಆರೋಗ್ಯವಂತರನ್ನು ದುಡ್ಡು ಕೊಟ್ಟು ಅರವತ್ತು ದಿನ ಹೀಗೆ ಮಲಗಿಸುತ್ತಿದ್ದರು. ಊಟ, ಸ್ನಾನ ಎಲ್ಲವೂ ಮಲಗಿದಲ್ಲೇ. ಆಮೇಲೆ ಮೂರು ತಿಂಗಳು ವ್ಯಾಯಾಮ ಮಾಡಿಸಿ, ಎಲುಬು ಗಟ್ಟಿಯಾದ ಮೇಲೆ ಮನೆಗೆ ಕಳಿಸುವುದು ಕ್ರಮ. ನಾನು ಅಲ್ಲಿ ನರ್ಸ್. ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಮಲಗಿದವರಿಗೆ ಕೇಳುವ ಪ್ರಶ್ನೆಗಳನ್ನು ಕನ್ನಡಕ್ಕೆ ತಂದವಳೂ ನಾನೇ.

"ಎದ್ದಿರೇನ್ರಿ?" ಎಂದು ದಿನವೂ ಕೇಳುತ್ತಿದ್ದೆ. "ಇಲ್ಲವಾ" ಎನ್ನುತ್ತಿದ್ದರು.

ನಲವತ್ತೊಂದನೆಯ ದಿನ ಒಂದು ಲೋಟ ನೀರು ಕೇಳಿದರು.

"ಕುಡಿಯಾಕಲ್ಲ, ಪೂಜಿಗೆ."

"ಮಲಕ್ಕೊಂಡು ಪೂಜಿ ಹ್ಯಾಂಗ್ರಿ?"

"ಲಿಂಗ ಅಂಗೈಯಾಗ ಹಿಡಕೊಂಡು ಯಾರರ ಮಲಗ್ತಾರೇನು? ಕುಂತು ಮಾಡ್ತೇನಿ. ದಿನಾ ಹತ್ತು ನಿಮಿಷ."

"ಎದ್ದಿಲ್ಲ ಅಂತಿದ್ರಲ್ರಿ?"

"ಎದ್ದಿಲ್ಲ. ಕಾಲು ನೆಲಕ್ಕ ಹಚ್ಚಿಲ್ಲ. ಕುಂತೇನಿ ಅಷ್ಟ. ಅದನ್ನ ನೀ ಕೇಳಲೇ ಇಲ್ಲ."

ನಿಜ, ಕೇಳಿರಲಿಲ್ಲ. ಕೂಡುವುದೂ ನಿಷಿದ್ಧ ಎಂಬುದು ನನ್ನ "ಎದ್ದಿರೇನ್ರಿ"ಯಲ್ಲಿ ಬಂದಿರಲಿಲ್ಲ. ದಾಖಲೆಯಲ್ಲಿ ಬರೆಯದೆ ಬಿಡಬಹುದಿತ್ತು. ಬರೆದೆ. ಮರುದಿನವೇ ಅವರನ್ನು ಅಧ್ಯಯನದಿಂದ ಕೈಬಿಟ್ಟರು. ಅಧ್ಯಯನದಲ್ಲಿ ಇಲ್ಲದವರಿಗೆ ವ್ಯಾಯಾಮವೂ ಇಲ್ಲವೆಂದರು. ಆರು ತಿಂಗಳು ಭಾರ ಎತ್ತಬೇಡಿ ಎಂದು ನಾನು ಹೇಳಿದಾಗ ಅವರು ನಕ್ಕರು.

"ಹಮಾಲಗ ಭಾರ ಎತ್ತಬ್ಯಾಡ ಅಂದ್ರ, ಮೀನಿಗೆ ಈಜಬ್ಯಾಡ ಅಂದಂಗ."

ಊರಿಗೆ ಬಂದ ಒಂಬತ್ತನೆಯ ದಿನ ತೊಗರಿ ಚೀಲಕ್ಕೆ ಬೆನ್ನು ಕೊಟ್ಟರು. ಸವೆದಿದ್ದ ಬೆನ್ನೆಲುಬಿನ ಒಂದು ಮಣಿ ಕುಸಿಯಿತು. ಅದು ಮೊದಲಿನಂತಾಗುವುದಿಲ್ಲ ಎಂದು ಮೂವರು ಡಾಕ್ಟರರು ಹೇಳಿದ್ದಾರೆ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಕ್ಷಮೆ ಕೇಳಬೇಕೆಂದಿದ್ದೆ. ಗುರಮ್ಮ ಬೆನ್ನಿಗೆ ಕೈ ಕೊಟ್ಟು ಅವರನ್ನು ಪೂಜೆಗೆ ಕೂಡ್ರಿಸಿದ್ದರು. ಹತ್ತು ನಿಮಿಷ ತುಂಬುವ ಮೊದಲೇ ಅವರ ಬೆನ್ನು ಬಾಗಿತು. ಲಿಂಗವನ್ನು ಕರಡಿಗೆಯಲ್ಲಿಟ್ಟು ಅವರು ಮಲಗಿಬಿಟ್ಟರು.

"ನೀ ಖರೇನೇ ಬರದಿ ತಂಗಿ. ನಾನೂ ಖರೇನೇ ಹೇಳಿದ್ದೆ," ಎಂದರು.

ಗುರುಶಾಂತಣ್ಣ ಈಗ ಆಳಂದದ ಮಂಡಿಯಲ್ಲಿ ಹೆಚ್ಚು ಹೊತ್ತು ಕೂಡಲಾಗದೆ ಗೋಡೆಗೆ ಒರಗಿ ನಿಂತು, ಬೇರೆಯವರು ಹೊರುವ ಚೀಲಗಳ ಬಾಯಿಯನ್ನು ದಬ್ಬಣದಿಂದ ಹೊಲಿಯುತ್ತಾರೆ.