ಹೇಳದೆ ಬರುತ್ತಿದ್ದ ಉಮ್ಮ

ಮೊನ್ನೆ ಮಗಳ ಹಲ್ಲು ತೋರಿಸಲು ಪುತ್ತೂರಿನ ದರ್ಬೆಯಲ್ಲಿ ಹೊಸದಾಗಿ ತೆರೆದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಗಾಜಿನ ಬಾಗಿಲು ತಳ್ಳಿದ ಕೂಡಲೇ ಲಿಂಬೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ನಿಜವಾದ ಲಿಂಬೆಯದ್ದಲ್ಲ, ಗೋಡೆಗೆ ಸಿಕ್ಕಿಸಿದ ಪುಟ್ಟ ಡಬ್ಬಿಯೊಂದು ಆಗಾಗ ಚುಸ್ಸೆಂದು ಉಗುಳುತ್ತಿದ್ದ ಲಿಂಬೆ. ಕುರ್ಚಿಯಲ್ಲಿ ಕುಳಿತವಳಿಗೆ ಕಿವಿಯ ಹತ್ತಿರ ಯಾರೋ ಪಿಸುಗುಟ್ಟಿದ ಹಾಗಾಯಿತು. "ಇಷ್ಟು ಪರಿಮಳ ಯಾಕೆ ಮಗಳೇ? ಎಂತದನ್ನು ಮುಚ್ಚಲಿಕ್ಕೆ?"

ಅದು ನಮ್ಮ ಕೆಳಗಿನ ಮನೆಯ ಉಮ್ಮ ಎಂದೋ ಕೇಳಿದ ಪ್ರಶ್ನೆ...

ಮದುವೆಯಾಗಿ ಸುಳ್ಯದ ಕಡೆಯಿಂದ ಪುತ್ತೂರಿಗೆ ಬಂದ ನಾನು ಬಾಡಿಗೆಗಿದ್ದದ್ದು ಅವರ ಮನೆಯ ಮಾಳಿಗೆಯಲ್ಲಿ. ಕೆಳಗೆ ಅವರು ಮತ್ತು ಅವರ ಮೊಮ್ಮಗ. ಮಗ, ಸೊಸೆ ಇಬ್ಬರೂ ಶಾರ್ಜಾದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಮಗುವನ್ನು ನೋಡಿಕೊಳ್ಳಲು ಜನವಿಲ್ಲವೆಂದು ಹುಡುಗನನ್ನು ಇಲ್ಲಿ ಬಿಟ್ಟಿದ್ದರು. ಅವನಿಗೂ ನನ್ನ ಮಗಳಿಗೂ ಒಂದೇ ಪ್ರಾಯ. ಅಜ್ಜಿಯನ್ನು ಓಣಿಯ ಮಂದಿಯೆಲ್ಲ ಉಮ್ಮ, ಎಂದರೆ ಅಮ್ಮ, ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ಉಮ್ಮನಿಗೆ ಜಗತ್ತಿನಲ್ಲಿ ಯಾವುದರ ಮೇಲೂ ಸುಲಭಕ್ಕೆ ನಂಬಿಕೆ ಬರುತ್ತಿರಲಿಲ್ಲ. ಹಾಲಿನವನ ಎದುರೇ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು, ಅದು ಜಾರುವ ವೇಗವನ್ನು ನೋಡುವವರು. ಮೀನಿನವನು "ಈಗ ಬಂದದ್ದು ಉಮ್ಮಾ" ಎಂದರೆ ಬಂಗುಡೆಯ ಕಿವಿರು ತೆರೆದು ಅವನಿಗೇ ತೋರಿಸಿ, "ಎಲ್ಲಿಂದ ಬಂದದ್ದು, ಐಸಿನ ಪೆಟ್ಟಿಗೆಯಿಂದಲಾ?" ಎನ್ನುವವರು. ಮೊದಮೊದಲು ನಾನೂ ಅವರನ್ನು ಸಂಶಯದಿಂದಲೇ ನೋಡಿದೆ. ನಾನು ಬಾಗಿಲು ತೆರೆದಾಗಲೆಲ್ಲ ಕೆಳಗಿನ ಕಿಟಕಿಯ ಪರದೆ ಸರಿಯುತ್ತಿತ್ತು. ಅತ್ತೆ ಬಂದವರು ದನಿ ತಗ್ಗಿಸಿ, "ಬೇರೆ ಮನೆ ಸಿಗಲಿಲ್ವಾ ನಿಮಗೆ?" ಎಂದು ಕೇಳಿದ್ದರು. ಆದರೆ ಮಕ್ಕಳಿಬ್ಬರೂ ಒಂದೇ ಮೆಟ್ಟಿಲಿನ ಮೇಲೆ ಕುಳಿತು ಆಡತೊಡಗಿದ ಮೇಲೆ ನಮ್ಮ ಸಂಶಯಗಳಿಗೆ ಅಲ್ಲಿ ಜಾಗ ಸಾಲದಾಯಿತು.

ಮಕ್ಕಳನ್ನು ಒಂದನೇ ತರಗತಿಗೆ ಸೇರಿಸುವ ವರ್ಷ ಬಂತು. ಪೇಟೆಯ ಹೊರಗೆ ಒಂದು ಗುಡ್ಡವನ್ನು ಸಮತಟ್ಟು ಮಾಡಿ ಹೊಸ ಇಂಟರ್‌ನ್ಯಾಶನಲ್ ಸ್ಕೂಲ್ ಕಟ್ಟಿದ್ದರು. ಟೈ ಕಟ್ಟಿದ ಹುಡುಗನೊಬ್ಬ ದುರ್ಬೀನಿನಲ್ಲಿ ಆಕಾಶ ನೋಡುವ ಅದರ ದೊಡ್ಡ ಫಲಕ ಬಸ್‌ಸ್ಟ್ಯಾಂಡಿನ ಎದುರೇ ಇತ್ತು. ಉಮ್ಮನ ಮಗ ಶಾರ್ಜಾದಲ್ಲಿ ಕುಳಿತು ಮೊಬೈಲಿನಲ್ಲಿ ಅದರ ವೀಡಿಯೊ ನೋಡಿ, ಸೇರಿಸುವುದಿದ್ದರೆ ಅಲ್ಲಿಗೇ ಎಂದುಬಿಟ್ಟ. ಕಡಬದ ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದ ನಮ್ಮವರಿಗೂ ಅದೇ ಆಸೆ. "ಮಂಗಳೂರಿನಿಂದ ಆಫೀಸರ್ ಬಂದು ಇಂಗ್ಲಿಷಿನಲ್ಲಿ ಕೇಳಿದ್ರೆ ನನಗೆ ಈಗ್ಲೂ ಬಾಯಿ ಒಣಗ್ತದೆ. ಅವಳಿಗೆ ಹಾಗಾಗುದು ಬೇಡ" ಎನ್ನುತ್ತಿದ್ದರು. ಆ ಮಾತಿಗೆ ಎದುರು ಹೇಳುವುದು ನನಗೆ ಕಷ್ಟವಾಗುತ್ತಿತ್ತು.

ಉಮ್ಮ ಮಾತ್ರ ಫಲಕವನ್ನು ಬಸ್ಸಿನ ಕಿಟಕಿಯಿಂದ ನೋಡಿ ಬಂದು ನನ್ನಲ್ಲಿ ಕೇಳಿದರು. "ಇಂಟರ್‌ನ್ಯಾಶನಲ್ ಅಂದ್ರೆ ಎಂತ? ಯಾವ ದೇಶದ ಮಕ್ಕಳು ಬರ್ತಾರೆ ಇಲ್ಲಿಗೆ? ಪುತ್ತೂರು ಸ್ಟೇಶನಿನಲ್ಲಿ ರೈಲು ಇಳಿದು ಬರುದಾ?"

ಶಾಲೆಯವರು ಪೋಷಕರಿಗೆ ಕಟ್ಟಡ ತೋರಿಸಲು ಒಂದು ದಿನ ಕರೆದರು. ನಮ್ಮವರಿಗೆ ರಜೆ ಸಿಗಲಿಲ್ಲ. ನಾನೂ ಉಮ್ಮನೂ ರಿಕ್ಷಾದಲ್ಲಿ ಹೋದೆವು.

ಒಳಗೆ ಹೆಜ್ಜೆ ಇಟ್ಟಾಗಲೇ ಆ ಲಿಂಬೆಯ ವಾಸನೆ ಬಂತು, ಉಮ್ಮ ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದ್ದೂ ಆಗಲೇ. ಗರಿಗರಿ ಕಾಟನ್ ಸೀರೆ ಉಟ್ಟ ಮೇಡಂ ಒಬ್ಬರು ನಗುತ್ತಲೇ ಬಂದು ನಮ್ಮನ್ನು ಕರೆದುಕೊಂಡು ಹೊರಟರು. ಮೊದಲು ಲೈಬ್ರರಿ. ನಾಲ್ಕಾರು ಮಕ್ಕಳು ತಲೆ ಬಗ್ಗಿಸಿ ಓದುತ್ತಿದ್ದರು. ಅವರಲ್ಲೊಬ್ಬ ಹುಡುಗಿಯ ಮೊಣಕಾಲಿಗೆ ಬ್ಯಾಂಡೇಜು ಹಾಕಿತ್ತು. ಆಮೇಲೆ ಕಂಪ್ಯೂಟರ್ ಕೋಣೆ. ಅಲ್ಲಿಯೂ ನಾಲ್ಕಾರು ಮಕ್ಕಳು. ನಾನು ಕಂಪ್ಯೂಟರುಗಳ ಸಾಲು ನೋಡಿ ಬೆರಗಾಗಿ ನಿಂತಿದ್ದೆ. ಉಮ್ಮ ನನ್ನ ತೋಳು ಚಿವುಟಿದರು. ಅವರು ನೋಡುತ್ತಿದ್ದದ್ದು ಕಂಪ್ಯೂಟರನ್ನಲ್ಲ. ಬ್ಯಾಂಡೇಜಿನ ಹುಡುಗಿ ಅಲ್ಲಿಯೂ ಇದ್ದಳು. ಮೇಲಿನ ಮಾಳಿಗೆಯ ಸಂಗೀತದ ಕೋಣೆಗೆ ಹೋದರೆ, ಅಲ್ಲಿ ಹಾರ್ಮೋನಿಯಂ ಎದುರು ಅವಳೇ ಕುಳಿತಿದ್ದಳು. ಏದುಸಿರು ಇನ್ನೂ ನಿಂತಿರಲಿಲ್ಲ. ಹಿಂದಿನ ಮೆಟ್ಟಿಲಿನಿಂದ ಮಕ್ಕಳನ್ನು ನಮಗಿಂತ ಮೊದಲೇ ಓಡಿಸಿ ಕೂರಿಸುತ್ತಿದ್ದರು.

ಉಮ್ಮ ಹೋಗಿ ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತುಬಿಟ್ಟರು. "ಎಷ್ಟನೇ ಕ್ಲಾಸು ಮಗಾ?"

ಹುಡುಗಿ ಮೊದಲು ಮೇಡಂ ಮುಖ ನೋಡಿದಳು. ತಾನು ಮೂರನೆಯ ತರಗತಿ, ತನಗೆ ತನ್ನ ಶಾಲೆಯೆಂದರೆ ತುಂಬ ಇಷ್ಟ ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದಳು.

"ಅದು ಆಯ್ತು. ಈಗ ನಿನಗೆ ಎಂತ ಬೇಕು, ಅದು ಹೇಳು."

ಹುಡುಗಿ ಮೊಣಕಾಲುಗಳನ್ನು ಒತ್ತಿ ಹಿಡಿದಿದ್ದಳು. ಉಮ್ಮನ ಕಡೆ ಬಾಗಿ ಬಹಳ ಮೆಲ್ಲಗೆ, "ಒಂದಕ್ಕೆ ಹೋಗ್ಬೇಕು" ಎಂದಳು.

ಮೇಡಂ ನಗುವನ್ನು ಬಿಡದೆ, "ಗೆಸ್ಟ್ ಹೋದ ಮೇಲೆ ಹೋಗುವಾ, ಗುಡ್ ಗರ್ಲ್" ಎಂದರು.

"ಗೆಸ್ಟ್ ನಾನಲ್ವಾ? ನಾನೇ ಹೇಳ್ತೇನೆ, ಬಾ" ಎಂದು ಉಮ್ಮ ಅವಳ ಕೈ ಹಿಡಿದು ಎದ್ದರು.

ಶೌಚಾಲಯದ ಬಾಗಿಲಿಗೆ ಬೀಗ ಹಾಕಿತ್ತು. ನೋಡಲು ಬಂದವರಿಗೆ ತೊಳೆದಿಟ್ಟ ಹಾಗೇ ಕಾಣಲಿ ಎಂದು ಬೆಳಿಗ್ಗೆಯೇ ಹಾಕಿದ ಬೀಗ. ಬೀಗದ ಕೈ ಯಾರ ಹತ್ತಿರವಿದೆಯೆಂದು ಹುಡುಕಾಟ ನಡೆಯಿತು. ಒಬ್ಬ ಕೆಳಗೆ ಓಡಿದ. ಅವನು ತಿರುಗಿ ಬರುವುದರೊಳಗೆ ಹುಡುಗಿಯಿಂದ ತಡೆಯಲಾಗಲಿಲ್ಲ... ಹೊಳೆಯುವ ನೆಲದ ಮೇಲೆ ಅವಳು ತಲೆ ತಗ್ಗಿಸಿ ನಿಂತದ್ದನ್ನು ನಾನು ಮರೆತಿಲ್ಲ. ಉಮ್ಮ ಬುರ್ಖಾದ ಮೇಲೆ ಹೊದ್ದಿದ್ದ ಶಾಲನ್ನು ತೆಗೆದು ಅವಳ ಸೊಂಟಕ್ಕೆ ಸುತ್ತಿ ಗಂಟು ಹಾಕಿದರು. ಆಮೇಲೆ ಅವಳಿಗೆ ಅಡ್ಡವಾಗಿ ನಿಂತರು, ಉಳಿದ ಪೋಷಕರಿಗೆ ಕಾಣದ ಹಾಗೆ.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. ಉಮ್ಮ ಅವರಲ್ಲಿ ಜಗಳ ಮಾಡಲಿಲ್ಲ. "ನಿಮ್ಮ ನೆಲ ಒಳ್ಳೆದುಂಟು. ಮಕ್ಕಳಿಗೆ ಮಾತ್ರ ಜಾಗ ಇಲ್ಲ ಇಲ್ಲಿ" ಎಂದು ಹೇಳಿ ಮೆಟ್ಟಿಲಿಳಿದರು.

ಹಿಂದಿರುಗುವಾಗ ರಿಕ್ಷಾ ಮನೆಯ ಹತ್ತಿರ ಬಂದಾಗ ಉಮ್ಮ ತೀರಿಹೋದ ತಮ್ಮ ಗಂಡನ ವಿಷಯ ತೆಗೆದರು. ಅವರನ್ನು ಗಲ್ಫಿಗೆ ಕಳಿಸಿದ ಏಜೆಂಟನ ಆಫೀಸಿನಲ್ಲಿಯೂ ಇಂಥದೇ ಪರಿಮಳ ಇತ್ತಂತೆ. ಎಸಿ, ಸೋಫಾ, ತಂಪು ಜ್ಯೂಸು. ಅಂಗಡಿಯಲ್ಲಿ ಕೆಲಸವೆಂದು ಹೇಳಿ ಕಳಿಸಿದರೆ ಅಲ್ಲಿ ಸಿಕ್ಕಿದ್ದು ಮರುಭೂಮಿಯಲ್ಲಿ ಆಡು ಕಾಯುವ ಕೆಲಸ. ವರ್ಷಗಳ ಮೇಲೆ ತಿರುಗಿ ಬಂದಾಗ ಕಣ್ಣು ಮಂಜಾಗಿತ್ತು, ಮಾತೂ ಕಡಿಮೆಯಾಗಿತ್ತು. "ಆ ದಿನ ನಾನು ಅವರ ಒಟ್ಟಿಗೇ ಹೋಗಿದ್ದೆ ಮಗಳೇ. ಜ್ಯೂಸು ಕುಡಿದು ಬಂದೆ. ಒಳಗಿನ ಕೋಣೆಯಲ್ಲಿ ಎಂತ ಉಂಟು ಅಂತ ನೋಡಲಿಲ್ಲ."

ಸಂಜೆ ಶಾರ್ಜಾದಿಂದ ಫೋನು ಬಂತು. ಮಾಳಿಗೆಗೂ ಕೇಳಿಸುವಷ್ಟು ದೊಡ್ಡ ಸ್ವರ. ಶಾಲೆಯ ಪಾಲುದಾರರಲ್ಲಿ ಒಬ್ಬ ಅವನ ಗೆಳೆಯನಂತೆ. "ನನ್ನ ಮರ್ಯಾದೆ ತೆಗೆದ್ರಿ ಉಮ್ಮಾ. ನನ್ನ ಮಗ ಅಲ್ಲಿಗೇ ಹೋಗುದು, ಅಷ್ಟೆ" ಎಂದು ಫೋನು ಇಟ್ಟುಬಿಟ್ಟ.

ಕೆಲವು ದಿನ ಕಳೆದು ಪ್ರಿನ್ಸಿಪಾಲರೇ ಮನೆಗೆ ಬಂದರು. ಜೊತೆಯಲ್ಲಿ ಆ ಗೆಳೆಯನ ಕಡೆಯವರೊಬ್ಬರು. ಆದದ್ದು ತಪ್ಪು, ಇನ್ನು ಬೀಗ ಹಾಕುವುದಿಲ್ಲ ಎಂದರು. ಉಮ್ಮ ಚಾ ಕೊಟ್ಟರು, ಗೋಳಿಬಜೆ ಕೊಟ್ಟರು, ಎಲ್ಲವನ್ನೂ ಕೇಳಿದರು. ಕೊನೆಗೆ, "ಸರಿ. ಆದ್ರೆ ನಾನು ಯಾವ ದಿನ ಬೇಕಾದ್ರೂ ಬರ್ತೇನೆ. ಹೇಳಿ ಬರುದಿಲ್ಲ. ಒಳಗೆ ಬಿಡ್ಬೇಕು" ಎಂದರು. ಪ್ರಿನ್ಸಿಪಾಲರು ಧಾರಾಳವಾಗಿ ಒಪ್ಪಿದರು. ಮುದುಕಿ ಗುಡ್ಡ ಹತ್ತಿ ಎಷ್ಟು ದಿನ ಬಂದಾಳು ಎಂದುಕೊಂಡಿರಬೇಕು.

ಅವರು ಹೋದ ಮೇಲೆ ಉಮ್ಮ ನನ್ನನ್ನು ಕರೆದರು. "ನಿನ್ನ ಮಗಳನ್ನು ಕಳಿಸು ಅಂತ ನಾನು ಹೇಳುದಿಲ್ಲ. ನನ್ನವನು ಹೋಗ್ಲೇಬೇಕು, ಅವನಪ್ಪ ಬಿಡುದಿಲ್ಲ. ಇಬ್ಬರಿದ್ರೆ ಒಬ್ಬರನ್ನೊಬ್ಬರು ನೋಡಿಕೊಳ್ತಾರೆ ಅಂತ ನನ್ನ ಆಸೆ, ಅಷ್ಟೆ." ನಾನು ಬೇರೆ ಶಾಲೆಗಳಿಗೂ ಹೋಗಿ ನೋಡಿದೆ. ಅಲ್ಲೆಲ್ಲ ನನ್ನನ್ನು ಆಫೀಸಿನಲ್ಲೇ ಕೂರಿಸಿ ಮಾತಾಡಿಸಿ ಕಳಿಸಿದರು. ಒಳಗೆ ಹೇಗಿದೆಯೆಂದು ನನಗೆ ಗೊತ್ತಿರುವ ಶಾಲೆ ಅದೊಂದೇ ಆಗಿತ್ತು. ಯೋಚಿಸಿ ಯೋಚಿಸಿ ಕಡೆಗೆ ಮಗಳನ್ನು ಅಲ್ಲಿಗೇ ಸೇರಿಸಿದೆ.

ಉಮ್ಮ ಹೇಳಿದ ಹಾಗೇ ಮಾಡಿದರು. ಒಂದು ವಾರ ಸೋಮವಾರವಾದರೆ ಇನ್ನೊಂದು ವಾರ ಗುರುವಾರ, ಕೆಲವೊಮ್ಮೆ ಎರಡು ದಿನ ಸಾಲಾಗಿ, ಕೆಲವೊಮ್ಮೆ ಎರಡು ವಾರ ಸುದ್ದಿಯೇ ಇಲ್ಲ. ಬಸ್ಸಿಳಿದು ಕೊಡೆಯೂರಿಕೊಂಡು ಗುಡ್ಡ ಹತ್ತುತ್ತಿದ್ದರು. ಶೌಚಾಲಯದ ಬಾಗಿಲು ತಳ್ಳಿ ನೋಡುತ್ತಿದ್ದರು. ಕುಡಿಯುವ ನೀರನ್ನು ತಾವೇ ಒಂದು ಲೋಟ ಕುಡಿಯುತ್ತಿದ್ದರು. ಶಾಲೆಯ ಹಾಸ್ಟೆಲಿನಲ್ಲೇ ಇದ್ದ ಆ ಬ್ಯಾಂಡೇಜಿನ ಹುಡುಗಿಯನ್ನು ಕರೆಸಿ, "ಊಟ ಆಯ್ತಾ? ಎಂತ ಕೊಟ್ರು?" ಎಂದು ಕೇಳುತ್ತಿದ್ದರು. ಅವಳಿಗೆಂದೇ ಚೀಲದಲ್ಲಿ ಒಂದು ಪೊಟ್ಟಣ ಇರುತ್ತಿತ್ತು.

ಅವರ ಸಂಶಯವೆಲ್ಲ ಸರಿಯಾಗಿರುತ್ತಿತ್ತು ಎಂದೇನೂ ಅಲ್ಲ. ವ್ಯಾನಿನ ಡ್ರೈವರ್ ಮಕ್ಕಳಿಗೆ ಮಿಠಾಯಿ ಕೊಡುತ್ತಾನೆಂದು ತಿಳಿದಾಗ ಅವರು ನಡುರಸ್ತೆಯಲ್ಲೇ ವ್ಯಾನು ನಿಲ್ಲಿಸಿ, "ಪರರ ಮಕ್ಕಳಿಗೆ ನೀನು ಯಾಕೆ ಮಿಠಾಯಿ ಕೊಡುದು?" ಎಂದು ಅವನನ್ನು ಎಲ್ಲರೆದುರು ಕೇಳಿದರು. ಅವನು ಕೆಂಪಾಗಿ, ಜೇಬಿನಿಂದ ಶುಂಠಿ ಮಿಠಾಯಿ ತೆಗೆದು ತೋರಿಸಿದ. ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡುತ್ತಾರೆಂದು ಅವನು ತಾನೇ ತಂದಿಟ್ಟುಕೊಂಡದ್ದು. ಮರುದಿನ ಉಮ್ಮ ಅದೇ ಜಾಗದಲ್ಲಿ ಕಾದು ನಿಂತು, "ನಿನ್ನೆ ಎಲ್ಲರೆದುರು ಹೇಳಿದ್ದಲ್ವಾ, ಇವತ್ತೂ ಎಲ್ಲರೆದುರೇ ಹೇಳ್ತೇನೆ. ತಪ್ಪು ನನ್ನದು ಮಾರಾಯ" ಎಂದರು. ಅವನಿಗೆ ನಾಚಿಕೆಯಾಗಿ ವ್ಯಾನು ಚಾಲೂ ಮಾಡಿಕೊಂಡು ಹೊರಟೇಹೋದ.

ಮೊಮ್ಮಗ ಎರಡನೆಯ ತರಗತಿಗೆ ಬಂದ ವರ್ಷ ಒಂದು ಸಂಜೆ ಮೆಟ್ಟಿಲ ಮೇಲೆ ಅಳುತ್ತಾ ಕುಳಿತಿದ್ದ. ಮಕ್ಕಳು ಅವನಿಗೆ "ಸಿಐಡಿ" ಎಂದು ಹೆಸರಿಟ್ಟಿದ್ದರು. "ನೀವು ಇನ್ನು ಬರ್ಬೇಡಿ" ಎಂದು ಅವನು ಅಜ್ಜಿಯ ಮುಖ ನೋಡದೆ ಹೇಳಿದ. ಉಮ್ಮನಿಗೆ ಅಷ್ಟು ನೋವಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಇವರಿನ್ನು ನಿಲ್ಲಿಸುತ್ತಾರೆ ಎಂದುಕೊಂಡೆ.

"ನಾಚಿಕೆ ಆಗ್ತದೆ, ಹೌದು. ನನಗೂ ಆಗ್ತದೆ" ಎಂದರು ಅವನಿಗೆ. "ಆದ್ರೆ ನಾಚಿಕೆಯಿಂದ ಯಾರೂ ಸಾಯುದಿಲ್ಲ. ನಾನು ಬಂದ್ರೆ ನಿನ್ನ ಹತ್ತಿರ ಬರುದಿಲ್ಲ, ಗುರ್ತ ಇಲ್ಲದವರ ಹಾಗೆ ಹೋಗ್ತೇನೆ. ಆಯ್ತಾ?"

ಹಾಗೆಯೇ ನಡೆದುಕೊಂಡರು. ಸ್ವಂತ ಮೊಮ್ಮಗನ ಎದುರಿನಿಂದ ಮುಖ ತಿರುಗಿಸಿಕೊಂಡು ಹಾದುಹೋಗುವಾಗ ಅವರಿಗೆ ಹೇಗಾಗುತ್ತಿತ್ತೋ... ನಾನು ಕೇಳಲಿಲ್ಲ.

ಶಾಲೆ ಒಂದೇ ಸಲಕ್ಕೆ ಬದಲಾಯಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಯಾವ ದಿನ ಬರುತ್ತಾರೆಂದು ಗೊತ್ತಿಲ್ಲದ ಕಾರಣ ಎಲ್ಲ ದಿನವೂ ಬಾಗಿಲುಗಳು ತೆರೆದೇ ಇರತೊಡಗಿದವು. ಬೇರೆ ತಾಯಂದಿರೂ ಒಬ್ಬೊಬ್ಬರಾಗಿ ಹೇಳದೆ ಬರಲು ಕಲಿತರು. ನಾನೂ ಆಗಷ್ಟೇ ಸೇರಿದ್ದ ರಕ್ತಪರೀಕ್ಷೆಯ ಲ್ಯಾಬಿನ ಕೆಲಸದಿಂದ ಬಿಡುವು ಮಾಡಿಕೊಂಡು ಹೋದೆ. ಪೋಷಕರಿಗೆ ತೋರಿಸುವ ದಿನಗಳಲ್ಲಿ ಮಕ್ಕಳನ್ನು ಹಿಂದಿನ ಮೆಟ್ಟಿಲಿನಿಂದ ಓಡಿಸುವುದು ನಿಂತಿತು.

ಆಮೇಲೆ ಶಾರ್ಜಾದಲ್ಲಿ ಮಗನಿಗೆ ದೊಡ್ಡ ಮನೆ ಸಿಕ್ಕಿತು. ಮೊಮ್ಮಗನನ್ನು, ಅವನ ಜೊತೆಗೆ ಉಮ್ಮನನ್ನೂ ಕರೆಸಿಕೊಂಡ. ಹೊರಡುವ ದಿನ ಅವರು ಟಿಕೆಟನ್ನು ನನ್ನಿಂದ ಓದಿಸಿ, ನಮ್ಮವರಿಂದ ಇನ್ನೊಮ್ಮೆ ಓದಿಸಿ, ಆಮೇಲೆ ಕಾರು ಹತ್ತಿದರು. ಒಮ್ಮೆ ವೀಡಿಯೊ ಕಾಲ್ ಮಾಡಿದ್ದರು. ಮೊಮ್ಮಗನ ಹೊಸ ಶಾಲೆಯ ಗೇಟನ್ನು ರಸ್ತೆಯ ಆಚೆಯಿಂದ ತೋರಿಸಿದರು. "ಇಲ್ಲಿ ಕಾರ್ಡು ಇಲ್ಲದೆ ಒಳಗೆ ಬಿಡುದಿಲ್ಲ ಮಗಳೇ. ನನ್ನ ಭಾಷೆಯೂ ಆ ಗಾರ್ಡಿಗೆ ಬರುದಿಲ್ಲ" ಎಂದು ನಕ್ಕರು. ಆ ನಗು ನನಗೆ ಸರಿ ಕಾಣಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಮಗ ಧ್ವನಿ ಸಂದೇಶ ಕಳಿಸಿದ್ದ. ಜ್ವರವೆಂದು ಆಸ್ಪತ್ರೆಗೆ ಸೇರಿಸಿದ್ದಂತೆ. ದೊಡ್ಡ ಆಸ್ಪತ್ರೆಯಂತೆ. ರೋಗಿಯ ಹತ್ತಿರ ಯಾರನ್ನೂ ನಿಲ್ಲಲು ಬಿಡುತ್ತಿರಲಿಲ್ಲವಂತೆ. ಅಲ್ಲೇ ದಫನ್ ಮಾಡಿದರು. ನಾನು ಹೋಗಿ ಸ್ವಲ್ಪ ಹೊತ್ತು ನಿಂತು ಬರಲು ಒಂದು ಜಾಗವಾದರೂ ಪುತ್ತೂರಿನಲ್ಲಿ ಇಲ್ಲ.

ಅವರು ಶಾರ್ಜಾಕ್ಕೆ ಹೋದ ಮೇಲೆ ಕೆಳಗಿನ ಮನೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ, ಒಳ್ಳೆಯ ಜನ. ಉಮ್ಮನ ಮಗ ಆಗಾಗ ಫೋನು ಮಾಡುತ್ತಾನೆ. ಡಾಕ್ಟರುಗಳು ತಮ್ಮಿಂದಾದದ್ದನ್ನೆಲ್ಲ ಮಾಡಿದರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ ಎನ್ನುತ್ತಾನೆ. ಅವನು ಸುಳ್ಳು ಹೇಳುವವನಲ್ಲ. ಎಲ್ಲ ಅವನು ಹೇಳಿದ ಹಾಗೇ ನಡೆದಿರಬಹುದು. ಆದರೂ ಒಂದು ದಿನ, ಯಾರಿಗೂ ಹೇಳದೆ, ಯಾರಾದರೂ ಒಬ್ಬರು ಒಳಗೆ ಹೋಗಿ ಉಮ್ಮನನ್ನು ನೋಡಿ ಬರಬೇಕಿತ್ತು. "ಊಟ ಆಯ್ತಾ? ಎಂತ ಬೇಕು?" ಎಂದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಬೇಕಿತ್ತು...